ಎದೆಗವಚಿದ ಭಾರ

ಮಕ್ತಲಿನ ಓದುಗ ತಾಯಿಯೊಬ್ಬರಿಂದ ನಮಗೆ ಪತ್ರವೊಂದು ಬಂದಿದೆ. ಹೈದರಾಬಾದಿನಲ್ಲಿ ಓದುತ್ತಿರುವ ಅವರ ಮಗನು ರಜೆಗೆ ಊರಿಗೆ ಬಂದಾಗಲೆಲ್ಲ ನಸುಕಿನಲ್ಲಿಯೇ ಎದ್ದು, ಕಬ್ಬಿಣದ ರಾಡೊಂದನ್ನು ಕೊರಳಿನ ಕೆಳಗೆ ಎರಡೂ ಹೆಗಲುಗಳ ಮುಂಬದಿಯಲ್ಲಿ ಇರಿಸಿಕೊಂಡು, ಮೊಬೈಲಿನ ಗಡಿಯಾರವನ್ನು ಎದುರಿಗೆ ಓಡಬಿಟ್ಟು, ಉಸಿರು ಮೇಲಕ್ಕೆ ಹತ್ತುವವರೆಗೆ ಬಸ್ಕಿ ಹೊಡೆಯುತ್ತಾನಂತೆ. ಪತ್ರದ ಮುಂದಿನ ಭಾಗವನ್ನು ಅವರ ಮಾತಿನಲ್ಲಿಯೇ ಕೊಡುವುದು ಮೇಲು: "ನಮ್ಮ ಮಾವನವರು ಮಾರುಕಟ್ಟೆಯಲ್ಲಿ ಹಮಾಲಿ ಮಾಡಿದವರು. ಚೀಲ ಹೊತ್ತು ಹೊತ್ತು ಕಡೆಗಾಲದಲ್ಲಿ ಅವರ ಬೆನ್ನು ನೆಟ್ಟಗಾಗಲಿಲ್ಲ. ಆ ಕಷ್ಟ ಮಕ್ಕಳಿಗೆ ಬೇಡವೆಂದು ಓದಿಸಿದೆವು. ಇವನು ತಿಂಗಳಿಗೆ ಇಷ್ಟೆಂದು ಹಣ ಕಟ್ಟಿ ಅದೇ ಭಾರ ಎತ್ತುತ್ತಾನೆ. ಇದರಿಂದ ಒಳಿತೋ ಕೇಡೋ, ದಯಮಾಡಿ ತಿಳಿಸಿರಿ."

ಈ ಪತ್ರವನ್ನು ಓದಿ ನಕ್ಕು ಬದಿಗಿರಿಸುವುದು ಸುಲಭವಾಗಿತ್ತು. ಹಾಗೆ ಮಾಡಲು ನಮಗೆ ಮನಸ್ಸಾಗಲಿಲ್ಲ. ಪಾಲಮೂರು ಸೀಮೆಯ ಬಡವರ ಪಾಲಿಗೆ ಭಾರ ಹೊರುವುದು ವಿನೋದವಾಗಿದ್ದ ಕಾಲವೇ ಇಲ್ಲ. 'ಪಾಲಮೂರು ಕೂಲಿ' ಎಂಬ ಹೆಸರು ದೇಶದ ಎಷ್ಟೋ ಅಣೆಕಟ್ಟು, ಕಾಲುವೆ, ರಸ್ತೆಗಳ ಕಾಮಗಾರಿಗಳಲ್ಲಿ ಹಬ್ಬಿದ್ದು ನಮ್ಮ ಜನರು ಗುಳೆ ಹೋಗಿ ಅಗೆದ ಮಣ್ಣಿನಿಂದ, ತಲೆಯ ಮೇಲೆ ಹೊತ್ತ ಬುಟ್ಟಿಗಳಿಂದ. ಹಳೆಯ ಮಹಬೂಬನಗರ ಜಿಲ್ಲೆಯು ಒಡೆದು 2016ರಲ್ಲಿ ಗದ್ವಾಲವೂ 2019ರಲ್ಲಿ ನಾರಾಯಣಪೇಟೆಯೂ ಬೇರೆ ಬೇರೆ ಜಿಲ್ಲೆಗಳಾದರೂ ಗುಳೆಯ ನೆನಪು ಮಾತ್ರ ಎರಡಕ್ಕೂ ಒಂದೇ ಆಗಿ ಉಳಿದಿದೆ. ಹೊಟ್ಟೆಗಾಗಿ ಭಾರ ಹೊತ್ತವರ ಮೊಮ್ಮಕ್ಕಳು ಮೈಕಟ್ಟಿಗಾಗಿ ಭಾರ ಹೊರುವುದನ್ನು ಕಂಡು ಹಿರಿಯರ ಮನಸ್ಸು ಕಸಿವಿಸಿಗೊಂಡರೆ ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ.

ಮೊದಲು ಆ ಹುಡುಗನು ಮಾಡುತ್ತಿರುವುದು ಏನೆಂಬುದನ್ನು ನೋಡೋಣ. ಬಸ್ಕಿಗೆ ನಮ್ಮಲ್ಲಿ ಹೆಸರಿನ ಬರವಿಲ್ಲ. ನಮ್ಮ ಮನೆಗಳಲ್ಲಿ ಅದು ಬಸ್ಕಿ, ನೆರೆಯ ತೆಲುಗರಲ್ಲಿ ಗುಂಜೀಲು, ಉರ್ದು ಬಲ್ಲವರಲ್ಲಿ ಬೈಠಕ್. ಪಾಠ ಒಪ್ಪಿಸದ ಗಡಿನಾಡಿನ ಹುಡುಗನು ಕಿವಿ ಹಿಡಿದುಕೊಂಡು ಮೂರು ಭಾಷೆಗಳಲ್ಲಿಯೂ ಅದನ್ನು ಅನುಭವಿಸಿಯೇ ದೊಡ್ಡವನಾಗಿರುತ್ತಾನೆ. ಈಗಿನ ವ್ಯಾಯಾಮಶಾಲೆಗಳಲ್ಲಿ ಇದನ್ನು ಸ್ಕ್ವಾಟ್ ಎನ್ನುತ್ತಾರೆ. ಭಾರದ ರಾಡನ್ನು ಕತ್ತಿನ ಹಿಂದೆ ಬೆನ್ನಿನ ಮೇಲ್ಭಾಗದಲ್ಲಿ ಹೊತ್ತು ಕುಳಿತೆದ್ದರೆ ಬ್ಯಾಕ್ ಸ್ಕ್ವಾಟ್, ಹೆಗಲುಗಳ ಮುಂಬದಿಯಲ್ಲಿ ಇರಿಸಿಕೊಂಡು ಕುಳಿತೆದ್ದರೆ ಫ್ರಂಟ್ ಸ್ಕ್ವಾಟ್. ನಾವು ಇವನ್ನು ಹಿಂಭಾರದ ಬಸ್ಕಿ, ಮುಂಭಾರದ ಬಸ್ಕಿ ಎಂದು ಕರೆಯುವೆವು. ಇದಕ್ಕಿಂತ ಒಳ್ಳೆಯ ಹೆಸರು ಹೊಳೆದವರು ತಿಳಿಸಿದರೆ ಸಂತೋಷ.

ಒಂದು ಗೇಣು ಹಿಂದೆ ಅಥವಾ ಒಂದು ಗೇಣು ಮುಂದೆ. ಅಷ್ಟರಲ್ಲಿ ಏನು ಮಹಾ ವ್ಯತ್ಯಾಸವೆಂದು ಕೇಳಬಹುದು. ವ್ಯತ್ಯಾಸವು ಬೆನ್ನಿಗೆ ತಿಳಿಯುತ್ತದೆ. ಭಾರವು ಹಿಂದೆ ಇದ್ದಾಗ ಮೈಯನ್ನು ತುಸು ಮುಂದಕ್ಕೆ ಬಾಗಿಸದೆ ಸಮತೋಲ ದೊರೆಯುವುದಿಲ್ಲ. ಹಾಗೆ ಬಾಗಿದಾಗ ಟೊಂಕವೂ ಬೆನ್ನಿನ ಕೆಳಭಾಗವೂ ಹೆಚ್ಚು ದುಡಿಯುತ್ತವೆ. ಭಾರವು ಮುಂದೆ ಇದ್ದಾಗ ಬೆನ್ನನ್ನು ಹೆಚ್ಚು ನೆಟ್ಟಗೆ ಇಟ್ಟುಕೊಳ್ಳಲೇಬೇಕು. ತೊಡೆಯ ಮುಂಭಾಗದ ಸ್ನಾಯುಗಳೂ ಬೆನ್ನಿನ ಮೇಲ್ಭಾಗವೂ ಕೆಲಸಕ್ಕೆ ಬರುತ್ತವೆ. ಬೆನ್ನು ಬಾಗಿತೆಂದರೆ, ಮೊಣಕೈ ಇಳಿಯಿತೆಂದರೆ, ರಾಡು ಜಾರಿ ಮುಂದಕ್ಕೆ ಬೀಳುತ್ತದೆ. ಹಿಂಭಾರದಲ್ಲಿ ದಣಿದವನು ಸೊಂಟವನ್ನು ಮೇಲೆತ್ತಿ, ಬೆನ್ನನ್ನು ಬಿಲ್ಲು ಮಾಡಿ, ಹೇಗೋ ತಿಣುಕಿ ಎದ್ದು ನಿಂತು ಲೆಕ್ಕಕ್ಕೆ ಒಂದನ್ನು ಸೇರಿಸಿಬಿಡಬಲ್ಲನು. ಮುಂಭಾರದಲ್ಲಿ ಆ ಉಪಾಯ ಸಾಗುವುದು ಬಹಳ ಕಷ್ಟ. ತಪ್ಪಿದವನ ತಪ್ಪನ್ನು ಕಬ್ಬಿಣವೇ ತೋರಿಸಿಕೊಡುತ್ತದೆ. ಅನೇಕ ಅಂಗಸಾಧನೆಗಳ ನಡುವೆ ಇದರ ಮೇಲೆ ನಮಗೆ ಗೌರವವಿರುವುದು ಈ ಕಾರಣಕ್ಕಾಗಿ.

ಇದರಲ್ಲಿ ಎತ್ತಬಹುದಾದ ಭಾರವೂ ಕಡಿಮೆಯೇ. ಹಿಂದೆ 100 ಕಿಲೋ ಹೊತ್ತು ಏಳಬಲ್ಲವನು ಮುಂದೆ ಸಾಮಾನ್ಯವಾಗಿ 80ರಿಂದ 85 ಕಿಲೋ ಹೊತ್ತು ಏಳುತ್ತಾನೆ. ಹಾಗೆಂದು ಫಲ ಕಡಿಮೆಯೆಂದು ತಿಳಿಯಬಾರದು. ಅಮೆರಿಕದ ಫ್ಲಾರಿಡಾದ ಸಂಶೋಧಕರು ಪಳಗಿದ 15 ಮಂದಿಯಿಂದ ಎರಡೂ ಬಗೆಯ ಬಸ್ಕಿ ಮಾಡಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ನಾಯುಗಳ ಕೆಲಸ ಎರಡರಲ್ಲಿಯೂ ಹೆಚ್ಚುಕಡಿಮೆ ಸಮನಾಗಿಯೇ ಇದ್ದು, ಮೊಣಕಾಲಿನ ಕೀಲನ್ನು ಅದುಮುವ ಒತ್ತಡ ಮಾತ್ರ ಮುಂಭಾರದಲ್ಲಿ ಕಡಿಮೆಯಾಗಿತ್ತು. ಮೊಣಕಾಲಿನ ಚಿಂತೆಯುಳ್ಳವರಿಗೆ ಇದು ಒಳ್ಳೆಯ ಸುದ್ದಿ.

ಮುಂಭಾರದ ಬಸ್ಕಿಯು ಹುಟ್ಟಿ ಬೆಳೆದದ್ದು ಭಾರ ಎತ್ತುವ ಸ್ಪರ್ಧೆಗಳ ಮಡಿಲಲ್ಲಿ. ಕುಂದಾಪುರ ಸೀಮೆಯ ಗುರುರಾಜ ಪೂಜಾರಿಯವರ ಹೆಸರನ್ನು ಓದುಗರು ಕೇಳಿರಬಹುದು. ಕುಸ್ತಿಯ ಕಣದಿಂದ ಈ ಕಣಕ್ಕೆ ಬಂದ ಅವರು 2018ರಲ್ಲಿ ಆಸ್ಟ್ರೇಲಿಯದ ಗೋಲ್ಡ್ ಕೋಸ್ಟಿನಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿಯ ಪದಕ ಪಡೆದರು. ಅದರಲ್ಲಿ ಎರಡು ಹಂತದ ಎತ್ತುಗೆಯಾದ ಕ್ಲೀನ್ ಅಂಡ್ ಜರ್ಕಿನ ಪಾಲು 138 ಕಿಲೋ. ನೆಲದಿಂದ ಸೆಳೆದ ರಾಡಿನ ಕೆಳಗೆ ಕಣ್ಣೆವೆ ಇಕ್ಕುವುದರೊಳಗಾಗಿ ಕುಕ್ಕುರುಗಾಲಿನಲ್ಲಿ ಕುಳಿತು, ಅದನ್ನು ಹೆಗಲ ಮುಂಬದಿಯಲ್ಲಿ ಹಿಡಿದು, ಎದ್ದು ನಿಲ್ಲುತ್ತಾರಲ್ಲವೆ, ಆ ಏಳುವಿಕೆಯೇ ಮುಂಭಾರದ ಬಸ್ಕಿ. ತನ್ನ ಮೈತೂಕದ ಸುಮಾರು ಎರಡೂವರೆ ಪಟ್ಟು ಭಾರವನ್ನು ಹೊತ್ತು ಎದ್ದ ಆ ಮನುಷ್ಯನು ಒಂದು ಸಲ ಎದ್ದರೆ ಸಾಕಾಗಿತ್ತು. ಅಲ್ಲಿ ಲೆಕ್ಕವು ಭಾರದ್ದು, ಸಂಖ್ಯೆಯದಲ್ಲ. 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ 61 ಕಿಲೋ ವಿಭಾಗದಲ್ಲಿ ಅವರೇ 269 ಕಿಲೋ ಎತ್ತಿ ಕಂಚು ತಂದರು.

ಹೈದರಾಬಾದಿನಲ್ಲಿ ಓದುವ ನಮ್ಮ ಹುಡುಗರು ಕಲಿತು ಬರುತ್ತಿರುವುದು ಮಾತ್ರ ಇನ್ನೊಂದು ಪರಿ. ಅಮೆರಿಕದಲ್ಲಿ ಗ್ರೆಗ್ ಗ್ಲಾಸ್‌ಮನ್ ಎಂಬವರು 2000ದಲ್ಲಿ ಕ್ರಾಸ್‌ಫಿಟ್ ಎಂಬ ಹೆಸರಿನಲ್ಲಿ ಸಂಸ್ಥೆ ಕಟ್ಟಿ ಹರಡಿದ ಈ ಪದ್ಧತಿಯಲ್ಲಿ ಓಟ, ಜಿಗಿತ, ಭಾರ ಎತ್ತುವಿಕೆ, ಜೋತು ಮೇಲೇರುವಿಕೆ ಎಲ್ಲವನ್ನೂ ಕಲಸಿ, ಬಿಡುವಿಲ್ಲದೆ, ಗಡಿಯಾರದೊಡನೆ ಪಂತ ಕಟ್ಟಿದಂತೆ ಮಾಡಿಸುತ್ತಾರೆ. ಅವರ ಒಂದು ಪ್ರಸಿದ್ಧ ಪಾಠದ ಹೆಸರು 'ಫ್ರಾನ್'. ಮುಂಭಾರದ ಬಸ್ಕಿ ಹೊಡೆದು ಏಳುತ್ತಿದ್ದಂತೆಯೇ ಆ ಏಳುವ ರಭಸದಲ್ಲಿ ರಾಡನ್ನು ತಲೆಯ ಮೇಲಕ್ಕೆ ಒತ್ತುವುದು ಮೊದಲು 21 ಸಲ, ಬಳಿಕ 15, ಬಳಿಕ 9. ನಡುನಡುವೆ ಅಷ್ಟಷ್ಟೇ ಸಲ ಕಂಬಿಗೆ ಜೋತು ಗದ್ದವನ್ನು ಮೇಲೇರಿಸುವುದು. ಗಂಡಸರಿಗೆ ನಿಗದಿಯಾದ ಭಾರ ಸುಮಾರು 43 ಕಿಲೋ. ಪಳಗಿದವರು ಇದನ್ನು ಮೂರು ನಾಲ್ಕು ನಿಮಿಷಗಳಲ್ಲಿ ಮುಗಿಸುತ್ತಾರೆ.

ನಾವು ಕಾಗದದ ಮೇಲೆ ಗುಣಿಸಿ ನೋಡಿದೆವು. 45 ಸಲ 43 ಕಿಲೋ ಎಂದರೆ 1935 ಕಿಲೋ. ನಮ್ಮ ಮಾರುಕಟ್ಟೆಯ ಭಾಷೆಯಲ್ಲಿ ಹೇಳುವುದಾದರೆ 50 ಕಿಲೋದ ಹತ್ತಿರ ಹತ್ತಿರ 39 ಚೀಲ! ಯಾವ ಹಮಾಲನನ್ನಾದರೂ ನಾಲ್ಕು ನಿಮಿಷಗಳಲ್ಲಿ 39 ಚೀಲಗಳನ್ನು ಎತ್ತೆಂದು ಕೇಳಿದರೆ ಅವನು ಕೇಳಿದವನ ಮುಖವನ್ನೇ ನೋಡಿಯಾನು.

ಈ ಮಾತನ್ನು ಪರೀಕ್ಷಿಸಬೇಕೆಂದು ಗದ್ವಾಲದ ಮಾರುಕಟ್ಟೆಯಲ್ಲಿ ಬಹುಕಾಲ ಹಮಾಲಿ ಮಾಡಿದ ಹಿರಿಯರೊಬ್ಬರನ್ನು ಮಾತಿಗೆಳೆದೆವು. ರಾಡನ್ನು ಎಲ್ಲಿ ಇರಿಸಿಕೊಳ್ಳುತ್ತಾರೆಂಬುದನ್ನು ಕೈಸನ್ನೆಯಿಂದ ತೋರಿಸಿದಾಗ ಅವರಿಗೆ ಅಚ್ಚರಿಯೇನೂ ಆಗಲಿಲ್ಲ. "ಚೀಲ ಎದಿಗಿ ಹತ್ತಿ ಇದ್ರ ಹಗುರ ಇರ್ತದ್ರಿ. ಮೊಳ ದೂರ ಹೋತಂದ್ರ ಅದೇ ಚೀಲ ಎರಡು ಚೀಲ ಆಗ್ತದ. ಎದಿಗಿ ಅವಚಿ ತೊಡಿ ಮ್ಯಾಲ ಬಲ ಕೊಟ್ಟು ಏಳಬೇಕ್ರಿ, ಟೊಂಕದ ಮ್ಯಾಲ ಅಲ್ಲ" ಎಂದರು. ಸನ್ನೆಕೋಲಿನ ಸೂತ್ರವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಪಠ್ಯಪುಸ್ತಕವನ್ನು ನಾವು ಕಂಡಿಲ್ಲ. ಗಡಿಯಾರದ ಸಂಗತಿಯನ್ನು ಎತ್ತಿದಾಗ ಮಾತ್ರ ಅವರು ತಲೆಯಾಡಿಸಿದರು. "ಗಡಿಬಿಡಿ ಮಾಡಿದವ್ರು ಬಾಳ ದಿನ ಈ ಕೆಲಸದಾಗ ಉಳೀಲಿಲ್ರೀ ಸಾಹೇಬರ. ನಾವು ನಾಕು ಚೀಲಕ್ಕೊಮ್ಮಿ ನಿಂತು ಒಂದು ಬೀಡಿ ಸೇದಿ ಮತ್ತ ಕೈ ಹಚ್ಚತಿದ್ವಿ." ಬೀಡಿಯನ್ನು ನಾವು ಅನುಮೋದಿಸುವುದಿಲ್ಲ. ನಿಲ್ಲುವುದನ್ನು ಅನುಮೋದಿಸುತ್ತೇವೆ.

ಭಾರವನ್ನು ಎದೆಗವಚಿ ಏಳುವುದು ನಮ್ಮ ನಾಡಿಗೆ ಹೊಸತಲ್ಲ. ರಾಯಚೂರಿನಲ್ಲಿ ಕಾರಹುಣ್ಣಿಮೆಯ ವೇಳೆಗೆ ನಡೆಯುವ ಮುಂಗಾರು ಹಬ್ಬದಲ್ಲಿ ಎತ್ತುಗಳು ಭಾರವಾದ ಕಲ್ಲು ಎಳೆಯುವುದನ್ನು ನೋಡಲು ನಮ್ಮ ಕಡೆಯಿಂದ ಹೋಗುವವರು ಬಹಳ; ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ತರುಣರು ಗುಂಡು ಕಲ್ಲನ್ನೋ ಉಸುಕಿನ ಚೀಲವನ್ನೋ ಅಪ್ಪಿ ಹಿಡಿದು ಹೆಗಲಿಗೇರಿಸುವ ಪಂತಗಳು ಇಂದಿಗೂ ನಡೆಯುತ್ತವೆ. ಗರಡಿಯಲ್ಲಿ ದಂಡ, ಬಸ್ಕಿ, ಗದೆ, ಮಲ್ಲಕಂಬ ಎಲ್ಲವೂ ಇದ್ದವು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದವೆಂಬ ಭಾಗವೇ ಇದೆ. ಅಲ್ಲಿ ಜಟ್ಟಿಗಳನ್ನು ವಯಸ್ಸು, ಮೈಯಳತೆ, ಬಲಗಳಿಗೆ ತಕ್ಕಂತೆ ವಿಂಗಡಿಸಿ, ಅವರು ಏನು ತಿನ್ನಬೇಕು, ಯಾವ ಸಾಧನೆ ಮಾಡಬೇಕು ಎಂಬುದನ್ನು ಹೇಳಿದೆ. ಒಂದೇ ಹಲಗೆಯ ಮೇಲೆ ಎಲ್ಲರಿಗೂ 43 ಕಿಲೋ ಎಂದು ಬರೆದು ತೂಗುಹಾಕುವ ಕಾಲದಲ್ಲಿ ಆ ವಿಂಗಡಣೆಯ ಬೆಲೆ ನಮಗೆ ಹೆಚ್ಚಾಗಿ ತೋರುತ್ತದೆ. ಬಲಕ್ಕೆ ತಕ್ಕಂತೆ ಭಾರವನ್ನು ಇಳಿಸಿಕೊಳ್ಳಬಹುದೆಂದು ಹೊಸ ಪದ್ಧತಿಯ ಗುರುಗಳೂ ಹೇಳುತ್ತಾರೆ, ನಿಜ. ಪಕ್ಕದಲ್ಲಿ ಸಂಗಡಿಗನು ಹಲಗೆಯ ಮೇಲಿನ ಭಾರವನ್ನೇ ಎತ್ತುತ್ತಿರುವಾಗ ಇಪ್ಪತ್ತರ ಹರೆಯದ ಕಿವಿಗೆ ಆ ಮಾತು ಬೀಳುವುದು ಅಪರೂಪ.

ಹೊಸತಾಗಿ ಬಂದಿರುವುದು ಗಡಿಯಾರ ಮಾತ್ರ. ನಮ್ಮ ಭಯವಿರುವುದೂ ಅಲ್ಲಿಯೇ. ರೂಢಿಯಿಲ್ಲದ ಮೈಯನ್ನು ಒಮ್ಮೆಲೇ ಮಿತಿಮೀರಿ ದುಡಿಸಿದರೆ ಸ್ನಾಯುವಿನ ಕಣಗಳು ಒಡೆದು, ಅವುಗಳೊಳಗಿನ ದ್ರವ್ಯವು ರಕ್ತಕ್ಕೆ ಸೇರಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ವೈದ್ಯರು ಇದನ್ನು ರಾಬ್ಡೊಮಯೊಲಿಸಿಸ್ ಎನ್ನುತ್ತಾರೆ. ಕ್ರಾಸ್‌ಫಿಟ್ ಸಂಸ್ಥೆಯ ಪತ್ರಿಕೆಯೇ 2005ರಲ್ಲಿ ಈ ಅಪಾಯದ ಬಗ್ಗೆ ಎಚ್ಚರಿಸಿ ಬರೆದಿತ್ತು. ಎರಡು ಮೂರು ದಿನ ತೊಡೆಗಳು ನೋಯುವುದು ಎಲ್ಲರಿಗೂ ಸಹಜ. ಅದನ್ನು ಮೀರಿ ತೊಡೆಗಳು ಊದಿಕೊಂಡು ಬಲ ಕಳೆದುಕೊಂಡರೆ, ಮೂತ್ರವು ಕಪ್ಪು ಚಹದ ಬಣ್ಣಕ್ಕೆ ತಿರುಗಿದರೆ, ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮನೆಮದ್ದಿಗೆ ಅಲ್ಲಿ ಎಡೆಯಿಲ್ಲ. ಬೇಸಿಗೆಯ ಸೆಕೆ, ನೀರು ಕುಡಿಯದಿರುವುದು, ಜ್ವರದಿಂದ ಎದ್ದ ಮೈ, ಇವು ಅಪಾಯವನ್ನು ಹೆಚ್ಚಿಸುತ್ತವೆ. ಕೃಷ್ಣೆ ತುಂಗಭದ್ರೆಯರ ನಡುವಣ ನಡಿಗಡ್ಡೆಯಲ್ಲಿ ಏಪ್ರಿಲ್ ಮೇ ತಿಂಗಳುಗಳ ಬಿಸಿಲು 40 ಡಿಗ್ರಿ ದಾಟುವುದು ನಮಗೆಲ್ಲ ಗೊತ್ತೇ ಇದೆ. ತಗಡಿನ ಚಾವಣಿಯ ಕೆಳಗೆ ಸಂಜೆ ಐದಕ್ಕೆ ಈ ಸಾಹಸ ಮಾಡುವವರು ಅಮೆರಿಕದ ಹವೆಯಲ್ಲಿ ಹುಟ್ಟಿದ ಪಾಠವನ್ನು ನಮ್ಮ ಬಿಸಿಲಿನಲ್ಲಿ ಓದುತ್ತಿದ್ದಾರೆಂಬುದನ್ನು ಮರೆಯಬಾರದು. ಆ ಎರಡು ತಿಂಗಳು ಸೂರ್ಯೋದಯದ ಹೊತ್ತಿಗೆ ಮುಗಿಸಿ, ಉಪ್ಪು ಬೆರೆಸಿದ ಮಜ್ಜಿಗೆಯನ್ನೋ ಅಂಬಲಿಯನ್ನೋ ಕುಡಿಯುವುದು ಲೇಸು.

ಹಾಗಾದರೆ ಈ ಬಸ್ಕಿಯನ್ನು ಬಿಟ್ಟುಬಿಡಬೇಕೆ? ಬೇಡ. ಕಲಿಯುವ ಕ್ರಮ ತಪ್ಪಬಾರದು, ಅಷ್ಟೇ. ಮೊದಲು ಕೂರುವುದು ಬರಬೇಕು, ಆಮೇಲೆ ಭಾರ, ಗಡಿಯಾರವು ಕಟ್ಟಕಡೆಗೆ. ನಮ್ಮ ತರುಣರಲ್ಲಿ ಅನೇಕರು ಇದನ್ನು ತಿರುವುಮುರುವಾಗಿ ಆರಂಭಿಸುತ್ತಾರೆ.

ಕೂರುವುದನ್ನೂ ಕಲಿಯಬೇಕೆ ಎಂದು ಓದುಗರು ನಗಬಹುದು. ನಮ್ಮ ಅಜ್ಜಿಯರು ಕುಕ್ಕುರುಗಾಲಿನಲ್ಲಿ ಕುಳಿತು ಒಲೆ ಊದಿದರು, ಪಾತ್ರೆ ತಿಕ್ಕಿದರು, ಕಾಳು ಹಸನು ಮಾಡಿದರು. ಇಂದು ಊಟಕ್ಕೆ ಮೇಜು, ಓದಿಗೆ ಕುರ್ಚಿ, ಶೌಚಕ್ಕೂ ಕುರ್ಚಿಯಂಥ ಆಸನ ಬಂದಿರುವ ಮನೆಗಳಲ್ಲಿ ಬೆಳೆದ ಹುಡುಗನನ್ನು ಹಿಮ್ಮಡಿ ಎತ್ತದೆ ಕುಕ್ಕುರುಗಾಲಿನಲ್ಲಿ ಕೂರಿಸಿ ನೋಡಿರಿ; ಹಿಂದಕ್ಕೆ ಉರುಳಿಬೀಳುವವರೇ ಹೆಚ್ಚು. ಕಾಲಿನ ಹರಡು ಬಿಗಿದುಹೋಗಿರುತ್ತದೆ. ಗರಡಿಯ ಬಸ್ಕಿಗೂ ಇದಕ್ಕೂ ಇರುವ ಮುಖ್ಯ ಅಂತರವನ್ನು ಇಲ್ಲಿಯೇ ಹೇಳಿಬಿಡಬೇಕು. ಗರಡಿಯವರು ಕುಳಿತಾಗ ಹಿಮ್ಮಡಿಯನ್ನೆತ್ತಿ ತುದಿಗಾಲ ಮೇಲೆ ಬರುತ್ತಾರೆ, ಕೈಗಳನ್ನು ಬೀಸುತ್ತಾರೆ, ಬರಿಮೈಯಲ್ಲಿ ನೂರಾರು ಸಲ ಮಾಡುತ್ತಾರೆ. ಭಾರ ಹೊತ್ತ ಬಸ್ಕಿಯಲ್ಲಿ ಹಿಮ್ಮಡಿಯು ನೆಲ ಬಿಡಕೂಡದು. ತಾತನಿಂದ ಗರಡಿಯ ಬಸ್ಕಿ ಕಲಿತ ಹುಡುಗನು ಅದೇ ಅಭ್ಯಾಸದಲ್ಲಿ ರಾಡು ಹೊತ್ತರೆ ಭಾರವೆಲ್ಲ ಮುಂಗಾಲಿಗೂ ಮೊಣಕಾಲಿಗೂ ಬಿದ್ದು ಮುಗ್ಗರಿಸುತ್ತಾನೆ. ಆದುದರಿಂದ ಒಂದು ತಿಂಗಳು ಬರಿಗೈಯಲ್ಲಿ, ಬೇಕಾದರೆ ಬಾಗಿಲ ಚೌಕಟ್ಟನ್ನು ಹಿಡಿದು, ಹಿಮ್ಮಡಿ ಊರಿ, ತೊಡೆಗಳು ಮೊಣಕಾಲಿನ ಮಟ್ಟಕ್ಕಿಂತ ಕೆಳಗಿಳಿಯುವವರೆಗೆ ಕೂರುವುದನ್ನೂ ಅಲ್ಲಿ ನೆಮ್ಮದಿಯಾಗಿ ಉಸಿರಾಡುವುದನ್ನೂ ರೂಢಿಸಿಕೊಳ್ಳಲಿ. ಹರಡು ಬಹಳ ಬಿಗಿಯಾಗಿರುವವರು ಹಿಮ್ಮಡಿಯ ಕೆಳಗೆ ತೆಳುವಾದ ಹಲಗೆ ಇಟ್ಟುಕೊಳ್ಳಬಹುದು.

ಬಳಿಕ ಭಾರ. ಗಂಡಸರ ರಾಡು ಬರಿದಾಗಿಯೇ 20 ಕಿಲೋ, ಹೆಂಗಸರದು 15. ಮೊದಲ ಕೆಲವು ವಾರಗಳಿಗೆ ಅದೇ ಸಾಕು; ಅದೂ ಹೆಚ್ಚಾಯಿತೆಂದರೆ ಐದು ಕಿಲೋ ಜೋಳದ ಗಂಟನ್ನು ಎದೆಗವಚಿಕೊಂಡು ಆರಂಭಿಸಲಿ. ರಾಡು ಕೂರಬೇಕಾದುದು ಹೆಗಲಿನ ಮುಂಬದಿಯ ಸ್ನಾಯುಗಳ ಮೇಲೆ, ಕೊರಳಿಗೆ ತೀರ ಹತ್ತಿರವಾಗಿ. ಅದನ್ನು ಕೈಗಳಿಂದ ಎತ್ತಿ ಹಿಡಿಯುವುದಲ್ಲ. ಮೊಣಕೈಗಳನ್ನು ಮುಂದಕ್ಕೆ, ಎದೆಯ ಮಟ್ಟಕ್ಕೆ ಎತ್ತಿದರೆ ಹೆಗಲೇ ಮಣೆಯಾಗುತ್ತದೆ. ಬೆರಳುಗಳು ರಾಡು ಉರುಳದಂತೆ ಕಾಯುವ ಕಾವಲುಗಾರರು ಮಾತ್ರ. ಎರಡೆರಡು ಬೆರಳು ತಾಗಿದ್ದರೂ ಸಾಕು. ಮಣಿಕಟ್ಟು ನೋಯುತ್ತದೆಂದು ದೂರುವವರು ಬಹುಮಟ್ಟಿಗೆ ಐದೂ ಬೆರಳುಗಳಿಂದ ರಾಡನ್ನು ಬಿಗಿಯಾಗಿ ಹಿಡಿದು ಮೊಣಕೈಗಳನ್ನು ಇಳಿಬಿಟ್ಟವರೇ ಆಗಿರುತ್ತಾರೆ. ಅವರು ತೋಳುಗಳನ್ನು ಎದೆಯ ಮುಂದೆ ಕತ್ತರಿಯಂತೆ ಮಡಚಿ ಹಿಡಿಯುವ ಇನ್ನೊಂದು ಬಗೆಯನ್ನು ಅನುಸರಿಸಬಹುದು. ಎದೆಯ ಮೇಲೆ ಭಾರ ಬಿದ್ದರೆ ಹೃದಯಕ್ಕೆ ಪೆಟ್ಟಾದೀತೆಂಬ ಭಯ ಬೇಡ. ರಕ್ತದ ಒತ್ತಡವುಳ್ಳವರು ಮಾತ್ರ ಉಸಿರು ಬಿಗಿಹಿಡಿದು ಭಾರ ಎತ್ತುವ ಮೊದಲು ವೈದ್ಯರನ್ನು ಕೇಳಲೇಬೇಕು. ಬಸುರಿಯರಿಗೂ ಮೊಣಕಾಲಿನ ಸವೆತದ ಬಾಧೆಯಿರುವವರಿಗೂ ಇದೇ ಮಾತು.

ಕುಳಿತೆದ್ದರೆ ಮೊಣಕಾಲೇ ಹಾಳಾಗುತ್ತದೆಂಬ ನಂಬಿಕೆಯೊಂದು ನಮ್ಮಲ್ಲಿಯೂ ಬೇರೂರಿದೆ. ಇದಕ್ಕೊಂದು ಇತಿಹಾಸವಿದೆ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಕಾರ್ಲ್ ಕ್ಲೈನ್ ಎಂಬವರು 1961ರಲ್ಲಿ, ಆಳವಾದ ಬಸ್ಕಿಯಿಂದ ಮೊಣಕಾಲಿನ ಕಟ್ಟುಗಳು ಸಡಿಲವಾಗುತ್ತವೆಂದು ಸಾರಿದರು; ಆ ಮಾತು ಜಗತ್ತಿನಲ್ಲೆಲ್ಲ ಹರಡಿತು. ಆಮೇಲಿನ ಸಂಶೋಧಕರು ಪರೀಕ್ಷಿಸಿದಾಗ ಆರೋಗ್ಯವಂತ ಮೊಣಕಾಲುಗಳಲ್ಲಿ ಅದು ನಿಜವಾಗಿ ಕಾಣಲಿಲ್ಲ. ಕ್ರಮವಾಗಿ ಏರಿಸಿದ ಭಾರವು ಎಲುಬನ್ನೂ ಸ್ನಾಯುವನ್ನೂ ಗಟ್ಟಿ ಮಾಡುತ್ತದೆ.

ಮಕ್ತಲಿನ ಆ ತಾಯಿಗೆ ನಾವು ಹೇಳಬೇಕಾದುದೂ ಇದನ್ನೇ. ಅವರ ಮಾವನವರ ಬೆನ್ನು ಬಾಗಿದ್ದು ಭಾರ ಒಂದರಿಂದಲೇ ಅಲ್ಲದಿರಬಹುದು. ಬೆನ್ನಿನ ಮೇಲೆಯೇ ಬಿದ್ದ ಭಾರ, ಇಂದು ಹೆಚ್ಚಾಯಿತು ನಾಳೆ ಕಡಿಮೆ ಹೊರುತ್ತೇನೆ ಎನ್ನಲು ಇಲ್ಲದ ಸ್ವಾತಂತ್ರ್ಯ, ನೋವಿದ್ದರೂ ಕೆಲಸಕ್ಕೆ ಹೋಗಬೇಕಾದ ದಿನಗಳು, ದುಡಿಮೆಗೆ ಸಾಲದ ಊಟ, ಇವೂ ಸೇರಿರುತ್ತವೆ. ಅವರ ಕಾಲದಲ್ಲಿ ಚೀಲವೂ ಹೆಚ್ಚಾಗಿ ಒಂದು ಕ್ವಿಂಟಾಲಿನದು. ಮಗನಿಗೆ ಆಯ್ಕೆಯುಂಟು. ಭಾರವನ್ನು ಕಡಿಮೆ ಮಾಡಬಲ್ಲನು, ಬಿಡುವು ತೆಗೆದುಕೊಳ್ಳಬಲ್ಲನು, ನೋವಾದ ದಿನ ಮನೆಯಲ್ಲಿ ಕೂರಬಲ್ಲನು. ತಾತನಿಗೆ ಇಲ್ಲದಿದ್ದ ಈ ಅನುಕೂಲವನ್ನು ಗಡಿಯಾರದ ಮುಂದೆ ತಾನಾಗಿಯೇ ಕಳೆದುಕೊಂಡರೆ ಆಗ ತಾಯಿಯ ಆತಂಕಕ್ಕೆ ಕಾರಣವಿದೆ. ಆದುದರಿಂದ ಮಗನನ್ನು ತಡೆಯಬೇಡಿರಿ ತಾಯಿ. ಪಕ್ಕದಲ್ಲಿ ನಿಂತು ಅವನ ಮೊಣಕೈಗಳನ್ನು ನೋಡಿರಿ. ಅವು ಇಳಿಯತೊಡಗಿದವೆಂದರೆ "ಸಾಕಪ್ಪಾ, ಇಳಿಸು" ಎನ್ನಿರಿ. ಗಡಿಯಾರದಲ್ಲಿ ಎಷ್ಟೇ ನಿಮಿಷ ಉಳಿದಿರಲಿ.

ಗಡಿಯಾರವನ್ನು ಸೇರಿಸುವ ಹದವೂ ಒಂದಿದೆ. ಒಮ್ಮೆಗೆ ಎತ್ತಬಲ್ಲ ಭಾರದ ಅರ್ಧವನ್ನು ಹೊತ್ತು ಎರಡು ನಿಮಿಷಕ್ಕೊಮ್ಮೆ ಐದೈದು ಬಸ್ಕಿ, ಉಳಿದ ಹೊತ್ತು ವಿಶ್ರಾಂತಿ. ಇಂಥ ಆರು ಸುತ್ತುಗಳಿಂದ ಆರಂಭಿಸಿದರೆ ದಮ್ಮೂ ಬೆಳೆಯುತ್ತದೆ, ಮೈಯೂ ಉಳಿಯುತ್ತದೆ. ವಾರಕ್ಕೆ ಎರಡು ದಿನ ಸಾಕು. ಪೊಲೀಸ್ ನೇಮಕಾತಿಗಾಗಿ ಸಿದ್ಧರಾಗುತ್ತಿರುವ ನಾರಾಯಣಪೇಟೆ, ಗದ್ವಾಲದ ತರುಣ ತರುಣಿಯರು ಇದನ್ನು ಗಮನಿಸಲಿ. 2022ರ ತೆಲಂಗಾಣದ ನೇಮಕಾತಿಯಲ್ಲಿ ಗಂಡಸರಿಗೆ 1600 ಮೀಟರ್, ಹೆಂಗಸರಿಗೆ 800 ಮೀಟರ್ ಓಟವಿತ್ತು. ಉದ್ದ ಜಿಗಿತವೂ ಗುಂಡು ಎಸೆತವೂ ಇದ್ದವು. ಇವೆಲ್ಲಕ್ಕೂ ತೊಡೆಯ ಬಲ ಬೇಕು. ಪರೀಕ್ಷೆಗೆ ಹದಿನೈದು ದಿನವಿರುವಾಗ ಮುಂಭಾರದ ಬಸ್ಕಿಯನ್ನು ಹೊಸದಾಗಿ ಆರಂಭಿಸುವವನು ಮೈಲಿಗಲ್ಲು ಮುಟ್ಟುವ ಮೊದಲೇ ಕುಂಟುತ್ತಾನೆ. ಆರು ತಿಂಗಳ ಮುಂಚೆ ಆರಂಭಿಸಬೇಕು.

ಇದು ಗಂಡುಮಕ್ಕಳ ಕಸರತ್ತೆಂದು ಯಾರೂ ತಿಳಿಯದಿರಲಿ. 2000ದಲ್ಲಿ ಸಿಡ್ನಿ ಒಲಿಂಪಿಕ್ಸಿನಲ್ಲಿ ಶ್ರೀಕಾಕುಳಂ ಜಿಲ್ಲೆಯ ಕರ್ಣಂ ಮಲ್ಲೇಶ್ವರಿಯವರು 69 ಕಿಲೋ ವಿಭಾಗದಲ್ಲಿ 240 ಕಿಲೋ ಎತ್ತಿ ಕಂಚಿನ ಪದಕ ಪಡೆದು, ಒಲಿಂಪಿಕ್ ಪದಕ ಗೆದ್ದ ಭಾರತದ ಮೊದಲ ಮಹಿಳೆಯಾದರು. ಆಗ ನಾವೂ ಅವರೂ ಒಂದೇ ರಾಜ್ಯದವರು. ಅವರು ಹೆಗಲಿಗೇರಿಸಿ ಎದ್ದ ಭಾರ 130 ಕಿಲೋ. ಅಷ್ಟು ಬೇಡ, ಮುಟ್ಟು ನಿಂತ ಮೇಲೆ ಹೆಂಗಸರ ಎಲುಬು ಬೇಗ ಟೊಳ್ಳಾಗುವುದರಿಂದ ತೊಡೆಗೂ ಟೊಂಕಕ್ಕೂ ತುಸು ಭಾರದ ಕೆಲಸ ಕೊಡುವುದು ಅವರಿಗೆ ಗಂಡಸರಿಗಿಂತಲೂ ಹೆಚ್ಚು ಅವಶ್ಯ. ಜೋಳದ ಗಂಟು ಎಲ್ಲ ಮನೆಗಳಲ್ಲಿಯೂ ಇದೆ. ನಾರಾಯಣಪೇಟೆಯ ಕುಣಿಮಗ್ಗದ ಮುಂದೆ ದಿನವಿಡೀ ಕುಳಿತಿರುವ ನೇಕಾರ ಬಂಧುಗಳು ಗಂಟೆಗೊಮ್ಮೆ ಎದ್ದು ಬರಿಗೈಯಲ್ಲಿ ಹತ್ತು ಬಸ್ಕಿ ಹೊಡೆದರೂ ಬಿಗಿದ ಟೊಂಕ ಸಡಿಲಾಗುತ್ತದೆ.

ಮನೆಯ ಹಿರಿಯರಿಗೆ ಒಂದು ಪರೀಕ್ಷೆಯನ್ನು ಹೇಳಬಹುದು. ಬ್ರೆಜಿಲ್ ದೇಶದ ವೈದ್ಯರು 51ರಿಂದ 80 ವರ್ಷದ 2002 ಮಂದಿಯನ್ನು ನೆಲದ ಮೇಲೆ ಕುಳಿತು ಏಳುವಂತೆ ಹೇಳಿ ಅಂಕ ಹಾಕಿದರು. ಕೂರಲು 5, ಏಳಲು 5. ಕೈ ಊರಿದರೆ ಒಂದು ಅಂಕ ಕಡಿತ, ಮೊಣಕಾಲು ಊರಿದರೆ ಇನ್ನೊಂದು. ಮುಂದಿನ ವರ್ಷಗಳಲ್ಲಿ ಕಡಿಮೆ ಅಂಕ ಪಡೆದವರಲ್ಲಿ ಸಾವು ಹೆಚ್ಚಾಗಿತ್ತೆಂದು 2012ರಲ್ಲಿ ಪ್ರಕಟಿಸಿದರು. ಹಬ್ಬದ ಊಟಕ್ಕೆ ಪಂಕ್ತಿಯಲ್ಲಿ ಕುಳಿತೆದ್ದಾಗ ತಮ್ಮ ಅಂಕವೆಷ್ಟೆಂದು ಓದುಗರು ತಾವೇ ಎಣಿಸಿಕೊಳ್ಳಬಹುದು. ಬೀಳುವ ಭಯವಿರುವವರು ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಳ್ಳಲಿ.

ಊಟದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ತೊಗರಿಬೇಳೆ, ಶೇಂಗಾ, ಜೋಳದ ರೊಟ್ಟಿ, ಮೊಸರು, ತಿನ್ನುವವರಿಗೆ ಮೊಟ್ಟೆ. ಡಬ್ಬಿಯ ಪುಡಿಗಳಿಗೆ ಸಾಲ ಮಾಡಬೇಕಾಗಿಲ್ಲ.

ಕಡೆಯದಾಗಿ ಸ್ಥಳದ ವಿಚಾರ. ಮುಂಭಾರದಲ್ಲಿ ಏಳಲಾಗದಿದ್ದರೆ ಮೊಣಕೈಗಳನ್ನು ಇಳಿಸಿ ರಾಡನ್ನು ಮುಂದಕ್ಕೆ ಬಿಟ್ಟು ತಾನು ಹಿಂದಕ್ಕೆ ಸರಿಯಬೇಕು, ಹಿಡಿದುಕೊಳ್ಳಲು ಹೋಗಬಾರದು. ಆದುದರಿಂದ ನಡುಮನೆಯ ಶಹಾಬಾದ ಫರಸಿಯ ಮೇಲೆ, ಮಾಳಿಗೆಯ ಮೇಲೆ, ಮಕ್ಕಳು ಆಡುವಲ್ಲಿ ಇದನ್ನು ಮಾಡಕೂಡದು. ಹಿತ್ತಿಲಲ್ಲಿ ಒಂದು ಮಾರಗಲ ಜಾಗವನ್ನು ಅಗೆದು, ಕಲ್ಲು ಆರಿಸಿ, ಮಣ್ಣಿಗೆ ಉಸುಕು ಬೆರೆಸಿ ಹದಮಾಡಿ, ನಿಲ್ಲುವೆಡೆಯಲ್ಲಿ ಗಟ್ಟಿಯಾದ ಹಲಗೆಯೊಂದನ್ನು ಹೂತು, ಅದರ ಮುಂದಿನ ಮಣ್ಣನ್ನು ರಾಡು ಬೀಳಲು ಬಿಟ್ಟರೆ ಸಾಕು. ನಮ್ಮ ಗಡಿಯ ಹಳ್ಳಿಗಳಲ್ಲಿ ಹಳೆಯ ಗರಡಿ ಅಥವಾ ತಾಲೀಮುಖಾನೆಗಳ ಗುಂಡು ಕಲ್ಲುಗಳು ಎಲ್ಲಿಯಾದರೂ ಉಳಿದಿದ್ದರೆ, ಅವುಗಳ ತೂಕವನ್ನೂ ಕಡೆಯ ಸಲ ಎತ್ತಿದವರು ಯಾವ ಕಾಲದವರೆಂಬುದನ್ನೂ ಓದುಗರು ಬರೆದು ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುವೆವು.